ನಮ್ಮ ಸಭೆಯ ಆ ಅಣ್ಣನ ವಿಷಯ

ಚಿಕ್ಕಮಗಳೂರಿನ ನಮ್ಮ ಸಭೆಯ ಸಮಿತಿ ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಕೂಡಿದಾಗ, ಮಾನಸಿಕ ಕಾಯಿಲೆಯಿರುವ ಆ ಅಣ್ಣನನ್ನು ಇನ್ನು ಮುಂದೆ ಚರ್ಚಿಗೆ ಕರೆತರಬಾರದೆಂದು ಅವರ ತಾಯಿಗೆ ತಿಳಿಸುವ ಪ್ರಸ್ತಾಪ ಬಂತು. ವಿರೋಧಿಸಿದವಳು ನಾನೊಬ್ಬಳೇ. ಅಲ್ಲಿ ಹೇಳಲಾಗದೆ ಉಳಿದದ್ದನ್ನು, ಅವರಿಬ್ಬರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇಲ್ಲಿ ಬರೆಯುತ್ತಿದ್ದೇನೆ.

ಅವರು ಕಾಫಿ ತೋಟವೊಂದರಲ್ಲಿ ಹಲವು ವರ್ಷ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದವರು, ಮುತ್ತಿನಂಥ ಅಕ್ಷರದವರು. ಅವರಿಗಿರುವುದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ ಇನ್ನೊಮ್ಮೆ ತೀರಾ ಕುಗ್ಗುವ ಕಾಯಿಲೆ. ಉಬ್ಬಿದಾಗ ಮೂರು ಮೂರು ರಾತ್ರಿ ನಿದ್ದೆಯಿಲ್ಲದೆ, ಪ್ರಸಂಗದ ನಡುವೆಯೇ ಎದ್ದು ತಾವೇ ಬೋಧಿಸಲು ತೊಡಗುತ್ತಾರೆ. ಕುಗ್ಗಿದಾಗ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಈಚೆಗೆ ಅವರು ಬೀಸಿ ಎಸೆದ ಕೀರ್ತನೆ ಪುಸ್ತಕ ಭಾನುವಾರ ಶಾಲೆಯ ಮಗುವೊಂದರ ಭುಜಕ್ಕೆ ತಗುಲಿತು. ಆ ಮಗುವಿನ ತಾಯಿಯ ಸಿಟ್ಟು ನ್ಯಾಯವಾದದ್ದೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಕ್ಕಳು ಹೆದರಿಕೊಂಡು ಕೂರುವ ಚರ್ಚು ನನಗೂ ಬೇಡ.

ಆದರೆ ಆ ದಿನಕ್ಕೆ ಬಂದು ಮುಟ್ಟಿದ್ದು ಹೇಗೆಂಬುದನ್ನು ಸಮಿತಿ ಕೇಳಲೇ ಇಲ್ಲ. ಅವರು ತೆಗೆದುಕೊಳ್ಳುವ ಔಷಧ ಲಿಥಿಯಂ. ಅದನ್ನು ನುಂಗುವವರಿಗೆ ಬಾಯಾರಿಕೆ ಹೆಚ್ಚು, ಕೈಬೆರಳು ಸಣ್ಣಗೆ ನಡುಗುತ್ತವೆ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಅವರ ಕೈಯಲ್ಲಿದ್ದ ಬಟ್ಟಲು ನಡುಗಿ ದ್ರಾಕ್ಷಾರಸದ ಹನಿ ಬಿಳಿ ಅಂಗಿಯ ಮೇಲೆ ಚೆಲ್ಲಿದ್ದನ್ನು ಕಂಡು, ಕುಡಿದು ಬಂದಿದ್ದಾರೆಂದು ನನ್ನ ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ಅವರು ತಿರುಗಿ ನೋಡಲಿಲ್ಲ; ತೋಳಿನಿಂದ ಆ ಕಲೆಯನ್ನು ಮುಚ್ಚಿಕೊಂಡು ತಮ್ಮ ಜಾಗಕ್ಕೆ ಹೋಗಿ ಕುಳಿತರು. ಆಮೇಲೆ, ಹೊರಗಿನಿಂದ ಬಂದ ಪ್ರಾರ್ಥನಾ ತಂಡದವರೊಬ್ಬರು ಇದು ಅಶುದ್ಧಾತ್ಮದ ಕಾಟವೆಂದು, ವಿಶ್ವಾಸವಿದ್ದವನಿಗೆ ಮಾತ್ರೆ ಏಕೆಂದು ಹೇಳಿ ಮೂರು ದಿನದ ಉಪವಾಸ ಪ್ರಾರ್ಥನೆಗೆ ಕೂರಿಸಿದರು. ನೀರೂ ಕುಡಿಯದೆ ಲಿಥಿಯಂ ಮುಂದುವರಿಸಿದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ಜೀವಕ್ಕೇ ಅಪಾಯ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಬಹಳ. ಅವರು ನಿಲ್ಲಿಸಿದರು. ಪುಸ್ತಕ ಹಾರಿದ್ದು ಅದಾದ ಕೆಲವೇ ವಾರಗಳಲ್ಲಿ. ಹಾಗಿರುವಾಗ ಶಿಕ್ಷೆ ಅವರೊಬ್ಬರಿಗೇ ಏಕೆ?

ಪ್ರಾರ್ಥನೆ ಬೇಡವೆಂದು ನಾನು ಹೇಳುತ್ತಿಲ್ಲ; ನಾನೂ ದಿನವೂ ಅವರಿಗಾಗಿ ಪ್ರಾರ್ಥಿಸುವವಳೇ. ಪ್ರಾರ್ಥನೆಯನ್ನು ಮಾತ್ರೆಯ ಎದುರಾಳಿಯಾಗಿ ನಿಲ್ಲಿಸುವುದನ್ನು ಮಾತ್ರ ಒಪ್ಪಲಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹೆಸರಿಗೆ ನಂಬಿ ಬಂದ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಂಥವರನ್ನು ಯಾವ ರೂಪದಲ್ಲಿಯೂ ಸರಪಳಿಯಿಂದ ಬಂಧಿಸಕೂಡದೆಂದು ಹೇಳುತ್ತದೆ. ಸಮಿತಿಯಲ್ಲಿ ಒಬ್ಬರು ಪೊಲೀಸರಿಗೆ ಒಪ್ಪಿಸೋಣ ಎಂದರಲ್ಲ, ಅದೇ ಕಾಯ್ದೆಯ ಪ್ರಕಾರ ಪೊಲೀಸರು ತಮ್ಮ ರಕ್ಷಣೆಗೆ ಪಡೆದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು.

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯವನ್ನು ನಮ್ಮವರು ದೆವ್ವ ಬಿಡಿಸುವ ಮಾತಿಗಷ್ಟೇ ಎತ್ತಿಕೊಳ್ಳುತ್ತಾರೆ. ಸಮಾಧಿಗಳ ನಡುವೆ ಅಲೆಯುತ್ತಿದ್ದ ಆ ಮನುಷ್ಯನನ್ನು ಊರವರು ಮೊದಲೇ ಸರಪಳಿ ಹಾಕಿ ಸೋತಿದ್ದರು. ಗುಣವಾದ ಮೇಲೆ ಅವನು ಯೇಸುವಿನ ಜೊತೆ ಬರುತ್ತೇನೆಂದಾಗ, ಆತನು ಒಪ್ಪದೆ ಅವನನ್ನು ಅವನ ಮನೆಗೆ, ಅವನವರ ಬಳಿಗೇ ಕಳುಹಿಸಿದನು. ಆ ಅಣ್ಣನಿಗೆ ತಾಯಿಯನ್ನು ಬಿಟ್ಟರೆ ‘ತನ್ನವರು’ ಎಂದು ಉಳಿದಿರುವವರು ನಾವೇ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿಯಿಷ್ಟು. ಅವರಿಗೆ ಪಕ್ಕದ ಬಾಗಿಲಿನ ಹತ್ತಿರ ಜಾಗವಿರಲಿ, ಪಕ್ಕದಲ್ಲಿ ಅವರೇ ಒಪ್ಪಿದ ಇಬ್ಬರು ಸರದಿಯಂತೆ ಕೂರಲಿ. ದನಿ ಏರುತ್ತಿದ್ದಂತೆ ಅವರೊಡನೆ ವಾದಕ್ಕಿಳಿಯದೆ, ಮೈಮುಟ್ಟಿ ಎಳೆಯದೆ, ‘ಬನ್ನಿ ಅಣ್ಣಾ, ಹೊರಗೆ ಗಾಳಿಗೆ ಹೋಗೋಣ’ ಎಂದು ಮೆಲ್ಲಗೆ ಕರೆದೊಯ್ಯಲಿ. ಯಾರ ಮೇಲಾದರೂ ಕೈ ಎತ್ತಿದರೆ ಆ ದಿನದ ಮಟ್ಟಿಗೆ ಮನೆಗೆ ಹೋಗಬೇಕೆಂಬ ಮಾತನ್ನು, ಅವರು ನೆಮ್ಮದಿಯಿಂದಿರುವಾಗಲೇ ಸ್ಪಷ್ಟವಾಗಿ ಆಡಿ ಒಪ್ಪಿಸಿಕೊಳ್ಳಬೇಕು. ನಿದ್ದೆ ಕೆಟ್ಟಿದೆಯೆಂದು ತಾಯಿ ಫೋನ್ ಮಾಡಿದ ದಿನವೇ ಯಾರಾದರೂ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಪೆಟ್ಟು ತಿಂದ ಮಗುವಿನ ಮನೆಗೂ ಸಮಿತಿಯವರು ಹೋಗಿ ಬರಬೇಕು. ಈವರೆಗೆ ಯಾರೂ ಹೋಗಿಲ್ಲ.

ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಮಾತ್ರೆ ಮತ್ತೆ ಶುರುವಾಗಿದೆ, ರಕ್ತಪರೀಕ್ಷೆಯ ಚೀಟಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದೆ. ಅವರು ಕೆಂಪಕ್ಷರದ ತಾರೀಖಿನ ಮೇಲೆ ಬೆರಳಿಟ್ಟು, ‘ಅಕ್ಕಾ, ಈ ಭಾನುವಾರ ನಾನು ಬರಬಹುದಾ?’ ಎಂದು ಕೇಳಿದರು. ಶನಿವಾರ ಸಮಿತಿ ಮತ್ತೆ ಸೇರಲಿದೆ. ಬನ್ನಿ ಎಂದು ನಾನು ಆಗಲೇ ಹೇಳಿಬಿಟ್ಟಿದ್ದೇನೆ.