ಕೋಟೆಗೆ ಲಿಫ್ಟ್ ಯಾಕಿಲ್ಲ ಸ್ವಾಮಿ?

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಕೋಟೆಯ ಮೇಲೆ ಜನರಿಗಿರುವ ದೂರುಗಳನ್ನೆಲ್ಲ ಒಟ್ಟು ಮಾಡಿದರೆ ಒಂದು ಒಳ್ಳೆ ಚಾರ್ಜ್‌ಶೀಟ್ ಆಗುತ್ತದೆ. ಏರು ಜಾಸ್ತಿ. ದಾರಿ ನೇರವಾಗಿಲ್ಲ. ಕಲ್ಲು ಜಾರುತ್ತದೆ. ಒಂದು ಬಾಗಿಲು ದಾಟಿ ಉಸ್ಸಪ್ಪಾ ಅಂದರೆ ಎದುರಿಗೆ ಇನ್ನೊಂದು ಬಾಗಿಲು, ಅದನ್ನೂ ದಾಟಿದರೆ ಮತ್ತೊಂದು. ಮೇಲೆ ಹೋದರೆ ಚಹಾ ಸಿಗುವುದಿಲ್ಲ, ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಕೊನೆಗೆ ಎಲ್ಲರದ್ದೂ ಒಂದೇ ತೀರ್ಪು: ಇಷ್ಟು ಕಷ್ಟಪಟ್ಟು ಹತ್ತಿದ್ದಕ್ಕೆ ನೋಡೋಕೆ ಅಂತ ಏನೂ ಇಲ್ಲ.

ಇದರಲ್ಲಿ ಒಂದೂ ಸುಳ್ಳಲ್ಲ. ಹಿಂದೆ ಮಲೆನಾಡು ಆಳಿದ ಕೆಳದಿ ಅರಸರು ಕಟ್ಟಿಸುವಾಗ ಬೇಕು ಅಂತ ಹೇಳಿದ್ದೂ ಇದನ್ನೇ ಇರಬೇಕು. ಬಂದವನಿಗೆ ಏದುಸಿರು ಬರಬೇಕು. ದಾರಿ ಗೊತ್ತಾಗಬಾರದು. ಹತ್ತಿ ಬಂದಿದ್ದೇ ತಪ್ಪಾಯ್ತು ಅಂತ ಅವನಿಗೇ ಅನ್ನಿಸಬೇಕು. ಅದಕ್ಕೇ ಗುಡ್ಡದ ಸುತ್ತ ಮೂರು ಸುತ್ತು ಗೋಡೆ, ಬಾಗಿಲಿನ ಅಕ್ಕಪಕ್ಕ ಕಾವಲುಗಾರರ ಕೋಣೆ, ಒಳಗಿದ್ದವರಿಗೆ ನೀರಿನ ಚಿಂತೆ ಇರಬಾರದು ಅಂತ ಕೊಳದ ಮೇಲೆ ಕೊಳ. ಹೊರಗಿನಿಂದ ಬಂದವನ ನೀರಿನ ಚಿಂತೆ ಕೋಟೆ ಕಟ್ಟಿದವರದ್ದಲ್ಲ, ಅಲ್ವಾ? ಮುನ್ನೂರು ನಾನೂರು ವರ್ಷ ಆದ ಮೇಲೂ ಒಂದು ಸರ್ಕಾರಿ ಕಟ್ಟಡ ಯಾವ ಕೆಲಸಕ್ಕೆ ಕಟ್ಟಿದ್ದೋ ಅದೇ ಕೆಲಸ ಮಾಡುತ್ತಿದೆ ಅಂದರೆ ನಾವು ಹೆಮ್ಮೆ ಪಡಬೇಕು. ನಾವು ಆನ್‌ಲೈನ್ ರಿವ್ಯೂನಲ್ಲಿ ಒಂದು ಸ್ಟಾರ್ ಕೊಟ್ಟು ಬರುತ್ತೇವೆ.

ತೀರ್ಥಹಳ್ಳಿ ಕಡೆಯವರಾದ ನಾವು ಸುಮ್ನೆ ಕೋಟೆ ನೋಡೋಕೆ ಹೋಗುವವರಲ್ಲ. ಬೆಂಗಳೂರಿಂದ ನೆಂಟರು ಬಂದರೆ ಮಾತ್ರ ಹೋಗುತ್ತೇವೆ, ಅದೂ ಮಧ್ಯಾಹ್ನದ ಊಟ ಕರಗಿಸೋಕೆ. ನಮ್ಮ ಭಾವ ಒಬ್ಬರಿದ್ದಾರೆ. ಗದ್ದೆ ಬದುವಿನ ಮೇಲೆ ನಡೆಯುವಾಗ ಹಾಡು ಗುನುಗುತ್ತಿದ್ದವರು ಮೊದಲ ಬಾಗಿಲಿಗೆ ಬರುವಷ್ಟರಲ್ಲಿ ಹಾಡು ನಿಲ್ಲಿಸಿದರು. ಎರಡನೇ ಬಾಗಿಲಲ್ಲಿ ಕಾವಲುಗಾರರು ಕೂರುತ್ತಿದ್ದ ಜಗಲಿ ಮೇಲೆ ಕೂತು, ಶೂ ಬಿಚ್ಚಿ, ಹಣೆ ಒರೆಸಿಕೊಂಡು ಕೇಳಿದರು.

"ಅಲ್ಲ ಮಾರಾಯ, ಗಾಡಿ ಇಲ್ಲೀವರೆಗೆ ಬರಂಗೆ ಒಂದು ರಸ್ತೆ ಮಾಡಬಾರದಿತ್ತಾ?"

"ಆನೆ ನೇರ ಓಡಿ ಬಂದು ಗುದ್ದಬಾರದು ಅಂತ ದಾರಿ ತಿರುಗಿಸಿ ತಿರುಗಿಸಿ ಬಾಗಿಲು ಇಟ್ಟಿದ್ದು ಭಾವ. ನಿಮ್ಮ ಇನ್ನೋವಾ ಎಲ್ಲಿಂದ ಬರ್ತದೆ?"

"ಈಗ ಆನೆ ಎಲ್ಲಿದೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಲೆ ಅರಮನೆಯ ಅಡಿಪಾಯ ಇರುವ ಜಾಗ ತೋರಿಸಿದೆ. ಅಲ್ಲಿ ಅಡುಗೆಮನೆ, ಸ್ನಾನದ ಮನೆಯ ಗುರುತೆಲ್ಲ ಇನ್ನೂ ಕಾಣುತ್ತದೆ. ಕಲ್ಲಿನ ಒಲೆಯೂ ಇದೆ. ಒಲೆಯೊಳಗೆ ಎರಡು ಕುರ್‌ಕುರೆ ಪ್ಯಾಕೆಟ್, ಒಂದು ಮಾಜಾ ಬಾಟಲಿ, ಅದರ ತಳದಲ್ಲಿ ಉಳಿದ ಸಿಹಿಗೆ ಮುತ್ತಿದ ಇರುವೆ ಸಾಲು. ಭಾವ ಅದನ್ನು ಸ್ವಲ್ಪ ಹೊತ್ತು ನೋಡಿ, "ಒಂದು ಕ್ಯಾಂಟೀನ್ ಇದ್ದಿದ್ರೆ ಈ ಗಲೀಜು ಆಗ್ತಿರಲಿಲ್ಲ ನೋಡು" ಅಂದರು.

ಈ ಗುಡ್ಡಗಾಡಿನ ತಾಪತ್ರಯ ಹಿಂದೆಯೂ ದೊಡ್ಡ ದೊಡ್ಡವರಿಗೆ ಆಗಿದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಕೆಳದಿ ಚೆನ್ನಮ್ಮಾಜಿ ಆಶ್ರಯ ಕೊಟ್ಟಳು. ಔರಂಗಜೇಬನ ಸೈನ್ಯ ಬೆನ್ನಟ್ಟಿ ಬಂತು. ರಾಜಾರಾಮ ಕೈಗೆ ಸಿಗಲಿಲ್ಲ, ತಮಿಳುನಾಡಿನ ಜಿಂಜಿ ಕೋಟೆ ಸೇರಿಕೊಂಡ. ಪಾಪ, ಆ ಸೈನಿಕರಿಗೆ ರಿವ್ಯೂ ಬರೆಯುವ ಅನುಕೂಲ ಇರಲಿಲ್ಲ. ಇದ್ದಿದ್ದರೆ ಬರೆಯುತ್ತಿದ್ದರು: ದಾರಿ ಸರಿ ಇಲ್ಲ, ಮಳೆ ಜಾಸ್ತಿ, ಸ್ಥಳೀಯರ ಸಹಕಾರ ಇಲ್ಲ, ಫ್ಯಾಮಿಲಿ ಜೊತೆ ಬರುವುದು ಬೇಡ.

ಹತ್ತುವ ಕಷ್ಟ ಇಲ್ಲದ ಕೋಟೆಯೂ ಇದೆಯಲ್ಲ, ಅಲ್ಲಿಗಾದರೂ ಹೋಗಿ ಅಂದರೆ ಅದಕ್ಕೂ ತಕರಾರು. ಹೊಸನಗರ ತಾಲ್ಲೂಕಿನ ನಗರದ ಕೋಟೆ ಊರಿಗೆ ಅಂಟಿಕೊಂಡೇ ಇದೆ. ಅದೇ ಹಳೇ ಬಿದನೂರು. ಕೆಳದಿ, ಇಕ್ಕೇರಿ ಆದ ಮೇಲೆ ಅದೇ ಕೆಳದಿ ಅರಸರ ರಾಜಧಾನಿ. ಕಂದಕ, ಕೊತ್ತಲ, ದರ್ಬಾರು ನಡೆಯುತ್ತಿದ್ದ ಜಗಲಿ, ಕೊಳ ಎಲ್ಲ ಇದೆ. ಇಳಿದವರು ಬಾಗಿಲಲ್ಲಿ ಒಂದು ಫೋಟೋ ತೆಗೆದು "ಇಷ್ಟೇನಾ?" ಅಂತ ಕೊಡಚಾದ್ರಿಗೆ ಹೊರಡುತ್ತಾರೆ. 1763ರಲ್ಲಿ ಹೈದರಾಲಿ ಇದೇ ಬಿದನೂರನ್ನು ಹಿಡಿದಾಗ ಒಳಗಿನವರೇ ಗುಟ್ಟಿನ ದಾರಿ ತೋರಿಸಿದರು ಅನ್ನುವ ಮಾತಿದೆ. ಈಗ ಆ ಕೆಲಸವನ್ನು ಗೂಗಲ್ ಮ್ಯಾಪ್ ವಹಿಸಿಕೊಂಡಿದೆ. ಆದರೆ ಅರ್ಧ ದಾರಿಯಲ್ಲಿ ನೆಟ್‌ವರ್ಕ್ ಹೋಗಿ, ಯಾರದ್ದೋ ಅಡಿಕೆ ತೋಟದ ದಣಪೆಯ ಮುಂದೆ ತಂದು ನಿಲ್ಲಿಸಿ, ನೀವು ತಲುಪಿದ್ದೀರಿ ಅನ್ನುತ್ತದೆ. ಹೈದರನ ಪುಣ್ಯ, ಅವನ ಕಾಲಕ್ಕೆ ಅದಿರಲಿಲ್ಲ.

ಸಕಲೇಶಪುರದ ಮಂಜರಾಬಾದ್ ಕೋಟೆಯ ಪಾಡು ಇನ್ನೂ ಚೆಂದ. ಟಿಪ್ಪು ಕಾಲದ್ದು, 1792ರ ಹೊತ್ತಿಗೆ ಮುಗಿದದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಗೋಡೆಯ ಬುಡದವರೆಗೂ ಕಾಣಬೇಕು, ಯಾರೇ ಹತ್ತಿ ಬಂದರೂ ಪಕ್ಕದಿಂದ ಗುಂಡು ಹೊಡೆಯಬಹುದು, ಆ ಲೆಕ್ಕಾಚಾರದ ಆಕಾರ ಅದು. ನಮ್ಮವರು ಇನ್‌ಸ್ಟಾಗ್ರಾಂನಲ್ಲಿ ಡ್ರೋನ್ ವಿಡಿಯೋ ನೋಡಿ ಮೆಟ್ಟಿಲು ಹತ್ತಿ ಹೋಗಿ, ಅಂಗಳದ ನಡುವೆ ನಿಂತು ಸುತ್ತ ತಿರುಗಿ ನೋಡಿ, "ನಕ್ಷತ್ರ ಎಲ್ಲಿದೆ?" ಅಂತ ಕೇಳುತ್ತಾರೆ. ನಿಂತಿರುವುದೇ ಅದರ ಹೊಟ್ಟೆಯೊಳಗೆ. ಅಷ್ಟು ಮೆಟ್ಟಿಲು ಹತ್ತಿಸಿಯೂ ನಕ್ಷತ್ರ ತೋರಿಸಲಿಲ್ಲ ಅಂತ ಯಾರಾದರೂ ಗ್ರಾಹಕರ ವೇದಿಕೆಗೆ ಹೋಗುವ ದಿನ ದೂರ ಇಲ್ಲ.

ಜನರ ಈ ಸಂಕಟ ರಾಜಕೀಯ ನಾಯಕರಿಗೂ ತಟ್ಟುತ್ತದೆ. ಮಲೆನಾಡಿನ ಯಾವ ವೇದಿಕೆ ಹತ್ತಿದರೂ ಪ್ರವಾಸೋದ್ಯಮಕ್ಕೆ ವಿಪುಲ ಅವಕಾಶ ಇದೆ ಅಂದೇ ಇಳಿಯಬೇಕು, ಅದು ಸಂಪ್ರದಾಯ. ಆ ಅವಕಾಶಕ್ಕೆ ಅಡ್ಡ ಬರುತ್ತಿರುವುದು ಏನು ಅಂತ ವಿಚಾರಿಸಿದರೆ, ಕೋಟೆಯೇ. ಅಡ್ಡಡ್ಡ ಗೋಡೆ ಇಲ್ಲದಿದ್ದರೆ ಕಾಂಕ್ರೀಟ್ ರಸ್ತೆ ಸೀದಾ ಕವಲೇದುರ್ಗದ ಶ್ರೀಕಂಠೇಶ್ವರ ದೇವಸ್ಥಾನದ ಬಾಗಿಲಿಗೇ ಹೋಗುತ್ತಿತ್ತು. ಕಂದಕ ಮುಚ್ಚಿದರೆ ಪಾರ್ಕಿಂಗ್. ಕೊತ್ತಲದ ಮೇಲೆ ಸೆಲ್ಫಿ ಪಾಯಿಂಟ್. ಗುಡ್ಡದ ತುದಿಗೆ ರೋಪ್‌ವೇ. ಇಷ್ಟೆಲ್ಲ ಆದ ಮೇಲೆ ಕೋಟೆ ಎಲ್ಲಿ ಅಂತ ಕೇಳುವವರಿಗೆ ದ್ವಾರದಲ್ಲಿ ಫೈಬರಿನದ್ದೊಂದು ಕಟ್ಟಿಸಿ ಲೈಟ್ ಹಾಕಿದರಾಯಿತು. ಅದನ್ನು ಹತ್ತಬೇಕಾಗಿಲ್ಲ, ಪಾಚಿಯೂ ಕಟ್ಟುವುದಿಲ್ಲ.

ಒಂದು ವರ್ಗ ಮಾತ್ರ ಈವರೆಗೆ ಏರಿನ ಬಗ್ಗೆ ಚಕಾರ ಎತ್ತಿಲ್ಲ. ಹೆಸರು ಕೆತ್ತುವವರು. ನೀರಿನ ಬಾಟಲಿ ಹೊತ್ತುಕೊಂಡು ಹೋಗಲಾರದ ಹುಡುಗ ಮೊಳೆ ಮರೆಯದೆ ಒಯ್ಯುತ್ತಾನೆ. ಕಗ್ಗಲ್ಲಿನ ಮೇಲೆ ಬಾಣ ಚುಚ್ಚಿದ ಹೃದಯ ಮೂಡಿಸುವುದು ಸಣ್ಣ ಕೆಲಸ ಅಲ್ಲ ಸ್ವಾಮಿ, ಮೇಲಿನ ಎರಡು ಉಬ್ಬು ತರುವಷ್ಟರಲ್ಲೇ ಬೆರಳು ಬೊಬ್ಬೆ ಬರುತ್ತದೆ. ಇಷ್ಟು ಶ್ರದ್ಧೆ ಪರೀಕ್ಷೆಗೆ ಓದುವಾಗ ತೋರಿಸಿದ್ದರೆ ಪಿಯುಸಿ ಆಗುತ್ತಿತ್ತು. ಇವರನ್ನು ತಡೆಯೋಕೆ ಅಂತ ಇರುವುದು ಪುರಾತತ್ವ ಇಲಾಖೆಯ ನೀಲಿ ಬೋರ್ಡು. ಕೇಂದ್ರದ 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದು, ಸಂರಕ್ಷಿತ ಸ್ಮಾರಕ ಹಾಳು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಅಂತಾಯಿತು. ಹಳೇ ಬೋರ್ಡುಗಳು ಮಾತ್ರ ಎಷ್ಟೋ ಕಡೆ ಇನ್ನೂ ಮೂರು ತಿಂಗಳು, ಐದು ಸಾವಿರದಲ್ಲೇ ನಿಂತಿವೆ. ದಂಡ ಏರಿದ ಸುದ್ದಿ ಬೋರ್ಡಿಗೇ ಮುಟ್ಟಿಲ್ಲ, ಹುಡುಗನಿಗೆ ಹೇಗೆ ಮುಟ್ಟಬೇಕು? ಅವನು ಬೋರ್ಡಿನ ಮೇಲೂ ಹೆಸರು ಕೆತ್ತಿ ಹೋಗುತ್ತಾನೆ, ಅದು ಕಲ್ಲಿಗಿಂತ ಮೆತ್ತಗೆ.

ನಿಧಿ ಹುಡುಕುವವರ ವಿಷಯವೂ ಅಷ್ಟೇ. ಅಮಾವಾಸ್ಯೆ ಕತ್ತಲಲ್ಲಿ ಹಾರೆ ಗುದ್ದಲಿ ಹೊತ್ತು ಹತ್ತುತ್ತಾರೆ, ಲಿಫ್ಟ್ ಕೇಳಿದವರಲ್ಲ. ನಂದಿಯ ಬುಡ ಅಗೆದು, ಏನೂ ಸಿಗದೆ, ಗುಂಡಿ ಮುಚ್ಚದೆ ಇಳಿಯುತ್ತಾರೆ. ಬಿದನೂರಿನ ಖಜಾನೆಯನ್ನು ಹೈದರಾಲಿ ಸೈನ್ಯ ಸಮೇತ ಬಂದು ಬಾಚಿಕೊಂಡು ಹೋಗಿದ್ದಾನೆ. ಅವನ ಕಣ್ಣು ತಪ್ಪಿಸಿದ್ದು ಇವರ ಟಾರ್ಚಿಗೆ ಕಾಣಿಸುತ್ತದಂತೆ.

ಕಾವಲು ಕೋಣೆಗಳೆಲ್ಲ ಖಾಲಿ ಇರುವ ಈ ಕಾಲದಲ್ಲಿ ನಿಯತ್ತಿನಿಂದ ಕೆಲಸ ಮಾಡುತ್ತಿರುವುದು ರಕ್ತ ಹೀರುವ ಉಂಬಳಗಳು, ಅಂದರೆ ಜಿಗಣೆಗಳು ಮಾತ್ರ. ಜೂನ್ ಬಂತೆಂದರೆ ಮೂರೂ ಸುತ್ತಿನಲ್ಲಿ ಡ್ಯೂಟಿಗೆ ಹಾಜರು. ಸಂಬಳ ಇಲ್ಲ, ಭತ್ಯೆ ಇಲ್ಲ. ಬಂದವನು ಸಾಹೇಬನೋ ಸಾಮಾನ್ಯನೋ ಅಂತ ಭೇದ ಇಲ್ಲ. ಭಾವ ಕೆಳಗಿಳಿದು ಸಾಕ್ಸ್ ಬಿಚ್ಚಿದಾಗ ಕಾಲಲ್ಲಿ ನಾಲ್ಕೈದು ದಪ್ಪಗಾಗಿ ನೇತಾಡುತ್ತಿದ್ದವು. ಇದಕ್ಕೆ ಕಂಪ್ಲೇಂಟ್ ಎಲ್ಲಿ ಕೊಡೋದು ಅಂತ ಅವರು ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಅಜ್ಜನನ್ನು ಕೇಳಿದರು. ಅಜ್ಜ ಸೊಂಟದ ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದುಕೊಟ್ಟು ಹೇಳಿದ: "ಇದನ್ನ ಹಚ್ಚಿ ಸ್ವಾಮಿ, ಬಿಡ್ತದೆ. ಕಂಪ್ಲೇಂಟ್ ಕೊಟ್ರೆ ತನಿಖೆಗೆ ಅಂತ ಮತ್ತೆ ನಿಮ್ಮನ್ನೇ ಮೇಲೆ ಹತ್ತಿಸ್ತಾರೆ."