ಒಂದು ಗೋಡೆ ಗಡಿಯಾರ ಹಾಕೋಕೆ ನಿಮಗೇನು ರೋಗ?

ಊರಿಗೆ ಬಂದು ಹತ್ತು ದಿನ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ. "ಸಿಂಗಪುರದಿಂದ ಕ್ರೂಸ್ ಹೋಗಿ ಬಂದ್ರಂತೆ, ಹೇಗಿತ್ತು?" ಅಂತ ಕೇಳಿದವರಿಗೆಲ್ಲ "ಚೆನ್ನಾಗಿತ್ತು" ಅಂತ ಹೇಳಿ ಹೇಳಿ ಸಾಕಾಗಿದೆ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಥಾಯ್ಲೆಂಡಿನ ಫಿ ಫಿ ದ್ವೀಪ ಹೇಗಿತ್ತು ಅಂತ ಮಾತ್ರ ಕೇಳಬೇಡಿ. ನಾವು ನೋಡಿಲ್ಲ. ದುಡ್ಡು ಕೊಟ್ಟಿದ್ದೆವು, ಹಡಗು ಅಲ್ಲಿಗೆ ಹೋಗಿತ್ತು, ನಾವೂ ಹಡಗಿನಲ್ಲೇ ಇದ್ದೆವು. ಆದರೂ ನೋಡಿಲ್ಲ.

ಕುಡಿದು ಬಿದ್ದಿದ್ದರೇನೋ ಅಂದುಕೊಳ್ಳಬೇಡಿ. ಎರಡು ಫೋನಿನಲ್ಲಿ ಅಲಾರಂ ಇಟ್ಟು ಮಲಗಿದ್ದೆವು. ಎರಡೂ ಹೊಡೆದವು. ಎರಡೂ ಒಂದು ಗಂಟೆ ತಡವಾಗಿ ಹೊಡೆದವು.

ಸ್ವಲ್ಪ ಮೊದಲಿನಿಂದ ಹೇಳುತ್ತೇನೆ. ನಾಲ್ಕು ರಾತ್ರಿಯ ಪ್ರವಾಸ. ಸಿಂಗಪುರದಲ್ಲಿ ಹತ್ತಿ, ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ಮತ್ತೆ ಸಿಂಗಪುರ. ನಾನು, ನಮ್ಮನೆಯವರು, ಮಗ, ಅತ್ತೆ. ನಾಲ್ವರಿಗೂ ಸೇರಿ ಒಳಗಿನ ಕೋಣೆ ತೆಗೆದುಕೊಂಡೆವು. ಕಿಟಕಿ ಇಲ್ಲದ್ದು. ಹಡಗಿನಲ್ಲಿ ಅದೇ ಎಲ್ಲಕ್ಕಿಂತ ಅಗ್ಗ. "ಕೋಣೆಯಲ್ಲಿ ಇರೋದು ಮಲಗೋಕೆ ತಾನೆ, ಕಿಟಕಿ ಯಾಕೆ?" ಅಂದವರು ನಮ್ಮನೆಯವರು. ಮಲಗೋಕೆ ಕಿಟಕಿ ಬೇಡ, ಸರಿ. ಏಳೋಕೆ ಬೇಕು ಅನ್ನೋದು ಯಾರಿಗೂ ಹೊಳೆಯಲಿಲ್ಲ.

ಆ ಕೋಣೆಯ ಕತ್ತಲು ಎಂಥದ್ದು ಅಂತ ಅನುಭವಿಸಿದವರಿಗೇ ಗೊತ್ತು. ದೀಪ ಆರಿಸಿದರೆ ಕಣ್ಣು ಮುಚ್ಚಿದರೂ ಒಂದೇ, ಬಿಟ್ಟರೂ ಒಂದೇ. ಕೆಳಗೆಲ್ಲೋ ಎಂಜಿನ್ನಿನ ಗುಂಯ್ ಸದ್ದು. ತೊಟ್ಟಿಲಿನಂತೆ ಮೆಲ್ಲಗೆ ತೂಗಾಟ. ಏಸಿ ತಣ್ಣಗೆ ಬೀಸುತ್ತಿರುತ್ತದೆ. ಮಧ್ಯಾಹ್ನ 12 ಗಂಟೆಗೂ ಅಲ್ಲಿ ನಡುರಾತ್ರಿಯೇ.

ಮೈಸೂರಿನ ಮನೆಯಲ್ಲಿ ನಾನು ಯಾವತ್ತೂ ಅಲಾರಂ ನಂಬಿದವಳಲ್ಲ. ಪಕ್ಕದ ಮನೆಯವರು ಗೇಟು ತೆಗೆಯುತ್ತಾರೆ, ಎದುರು ಮನೆಯವರು ಬಾಗಿಲಿಗೆ ನೀರು ಹಾಕುತ್ತಾರೆ, ಮೇಲಿನ ಮನೆಯಲ್ಲಿ ಮೋಟರ್ ಶುರುವಾಗುತ್ತದೆ. ದೇವಸ್ಥಾನದ ಮೈಕಿನಲ್ಲಿ ಸುಪ್ರಭಾತ. ಅದಕ್ಕೂ ಏಳದಿದ್ದರೆ ಕಸದ ಗಾಡಿಯ ಹಾಡು ಇದ್ದೇ ಇದೆ, ಅದು ಸತ್ತವರನ್ನೂ ಎಬ್ಬಿಸುತ್ತದೆ. ಹಡಗಿನಲ್ಲಿ ಇದ್ಯಾವುದೂ ಇಲ್ಲ. ಮೈಕಿದೆ, ಆದರೆ ಅದರ ಸದ್ದು ಕೇಳುವುದು ಹೊರಗಿನ ಕಾರಿಡಾರಿನಲ್ಲಿ. ಕೋಣೆಯೊಳಗಿನ ಸ್ಪೀಕರ್ ಇರುವುದು ತುರ್ತು ಪ್ರಕಟಣೆಗೆ. ಅಂದರೆ ಹಡಗು ಮುಳುಗುತ್ತಿದ್ದರೆ ಎಬ್ಬಿಸುತ್ತಾರೆ. ಟೂರ್ ತಪ್ಪುತ್ತಿದ್ದರೆ ಇಲ್ಲ.

ಸಿಂಗಪುರದ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 6 ಅಂದರೆ ನಮ್ಮ ದೇಹಕ್ಕೆ ಇನ್ನೂ ಮೂರೂವರೆ. ಇದು ಜೆಟ್ ಲ್ಯಾಗ್ ಅನ್ನುವಷ್ಟು ದೊಡ್ಡದೂ ಅಲ್ಲ, ಮರೆಯುವಷ್ಟು ಚಿಕ್ಕದೂ ಅಲ್ಲ. ರಾತ್ರಿ ಅವರ ಗಡಿಯಾರದಲ್ಲಿ 12 ಆದರೂ ನಿದ್ದೆ ಬರಲ್ಲ, ಯಾಕೆಂದರೆ ಮೈಸೂರಿನಲ್ಲಿ ಇನ್ನೂ ಒಂಬತ್ತೂವರೆ, ಊಟ ಮುಗಿಸಿ ಪಾತ್ರೆ ತೊಳೆಯುವ ಹೊತ್ತು.

ಎರಡನೇ ದಿನ ಪೆನಾಂಗ್. ಅಲ್ಲಿಯೂ ಸಿಂಗಪುರದ್ದೇ ಸಮಯ. ಫೋನಿನಲ್ಲೂ ಅದೇ, ಹಡಗಿನಲ್ಲೂ ಅದೇ. ಏನೂ ತೊಂದರೆ ಆಗಲಿಲ್ಲ. ಅಲ್ಲೇ ಮೋಸ ಹೋಗಿದ್ದು ನಾವು. ಫೋನು ಸರಿಯಾಗಿದೆ ಅಂತ ನಂಬಿಕೆ ಬಂತು.

ಆ ರಾತ್ರಿ ಹಡಗು ಫುಕೆಟ್ ಕಡೆ ಹೊರಟಿತು. ಮಾರನೇ ದಿನ ಸ್ಪೀಡ್ ಬೋಟಿನಲ್ಲಿ ಫಿ ಫಿ ದ್ವೀಪಕ್ಕೆ ಹೋಗುವ ಟೂರ್, ಹಡಗಿನವರೇ ಮಾರಿದ್ದು. ನಾಲ್ವರಿಗೆ ಸೇರಿ 30,000 ರೂಪಾಯಿಗೂ ಮೇಲೆ. ಹೊರಗೆ ಬುಕ್ ಮಾಡಿದರೆ ಅರ್ಧಕ್ಕೇ ಸಿಗುತ್ತಿತ್ತಂತೆ. ಆದರೆ "ನಮ್ಮ ಹತ್ತಿರ ತಗೊಂಡರೆ, ವಾಪಸ್ ಬರುವಾಗ ತಡವಾದರೂ ಹಡಗು ನಿಮಗಾಗಿ ಕಾಯುತ್ತದೆ" ಅಂತ ಹೇಳಿ ಮಾರುತ್ತಾರೆ. ವಾಪಸ್ ಬರುವಾಗ ಕಾಯುತ್ತಾರಂತೆ. ಹೋಗುವಾಗ ಐದು ನಿಮಿಷ ಕಾಯಲ್ಲ, ಅದನ್ನು ಯಾರೂ ಹೇಳಲಿಲ್ಲ.

ಬೆಳಿಗ್ಗೆ ಏಳೂವರೆಗೆ ಥಿಯೇಟರಿನಲ್ಲಿ ಸೇರಬೇಕು ಅಂತ ಚೀಟಿಯಲ್ಲಿತ್ತು. ಆರೂಕಾಲಿಗೆ ಅಲಾರಂ ಇಟ್ಟೆವು. ನಾಲ್ಕು ಜನ, ಒಂದೇ ಬಚ್ಚಲು, ಅದೂ ಬೀರುವಿನಷ್ಟು ಅಗಲದ್ದು. ಲೆಕ್ಕ ಹಾಕಿಯೇ ಇಟ್ಟಿದ್ದೆವು.

ನಾವು ಮಲಗಿದ್ದಾಗ ಹಡಗು ದಡಕ್ಕೆ ಹತ್ತಿರ ಬಂದಿದೆ. ನಮ್ಮನೆಯವರು ರೋಮಿಂಗ್ ಪ್ಯಾಕ್ ಹಾಕಿಸಿ, "ಬೆಳಿಗ್ಗೆ ಸಿಗ್ನಲ್ ಬರುತ್ತೆ, ಫೋಟೋ ಕಳಿಸಬಹುದು" ಅಂತ ಎರಡೂ ಫೋನಿನ ಫ್ಲೈಟ್ ಮೋಡ್ ತೆಗೆದು ಮಲಗಿದ್ದರು. ಸಿಗ್ನಲ್ ಬಂತು. ಥಾಯ್ಲೆಂಡಿನ ಟವರ್ ಸಿಕ್ಕಿದ ತಕ್ಷಣ ಎರಡೂ ಫೋನು ಜಾಣತನದಿಂದ ತಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡವು. ಥಾಯ್ಲೆಂಡ್ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಮಾತ್ರ ಸಿಂಗಪುರದ ಸಮಯವನ್ನೇ ಇಟ್ಟುಕೊಂಡು ಕೂತಿತ್ತು. ಶಿಪ್ ಟೈಮ್ ಅಂತೆ. ಯಾವ ದೇಶದ ನೀರಿನಲ್ಲಿದ್ದರೂ ಹಡಗು ತನ್ನ ಸಮಯ ತಾನೇ ಇಟ್ಟುಕೊಳ್ಳಬಹುದಂತೆ.

ಅಲಾರಂ ಹೊಡೆಯಿತು. ಫೋನಿನಲ್ಲಿ 6.15. ಹಡಗಿನಲ್ಲಿ 7.15. ನಮಗೇನು ಗೊತ್ತು? ಆರಾಮಾಗಿ ಎದ್ದೆವು. ಕೆಟಲಿನಲ್ಲಿ ನೀರು ಕಾಯಿಸಿ, ಮನೆಯಿಂದ ತಂದ ಡಿಕಾಕ್ಷನ್ ಹಾಕಿ ಕಾಫಿ ಕುಡಿದೆವು. ಸರದಿಯಲ್ಲಿ ಸ್ನಾನ. ಅತ್ತೆಗೆ ದೇವರಿಗೆ ಕೈಮುಗಿಯಲು ಐದು ನಿಮಿಷ. ಮೇಲೆ ಹೋಗಿ ತಿಂಡಿಯನ್ನೂ ತಿಂದೆವು. "ಏನಮ್ಮಾ ಇದು, ಇಷ್ಟು ಬೇಗ ಇಷ್ಟು ಜನ ಎದ್ದಿದ್ದಾರೆ!" ಅಂತ ಅತ್ತೆ ಆಶ್ಚರ್ಯಪಟ್ಟರು. "ವಿದೇಶದವರು ಶಿಸ್ತಿನವರು ಅಮ್ಮಾ" ಅಂತ ನಮ್ಮನೆಯವರು ವಿವರಣೆ ಬೇರೆ ಕೊಟ್ಟರು.

ಥಿಯೇಟರಿಗೆ ಐದು ನಿಮಿಷ ಮೊದಲೇ ಹೋದೆವು. ನನಗೆ ಹೆಮ್ಮೆ. ನಮ್ಮ ಜನ ಯಾವಾಗಲೂ ಲೇಟು ಅನ್ನುತ್ತಾರಲ್ಲ, ನೋಡಿ ಅಂತ. ಒಳಗೆ ಒಬ್ಬ ಹುಡುಗ ಕಾರ್ಪೆಟ್ ಮೇಲೆ ವ್ಯಾಕ್ಯೂಮ್ ಓಡಿಸುತ್ತಿದ್ದ. ಇನ್ಯಾರೂ ಇಲ್ಲ.

ಹಡಗು ಪಟಾಂಗ್ ಕಡಲತೀರದ ಎದುರು ಲಂಗರು ಹಾಕಿತ್ತು. ಟೂರಿನವರು ಆಗಲೇ ಸಣ್ಣ ದೋಣಿಯಲ್ಲಿ ದಡ ಸೇರಿದ್ದರು. ಕೌಂಟರಿನಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಆ ಮರ್ಯಾದೆಯೇ ಮೈ ಉರಿಸಿತು. ಬರದೇ ಇದ್ದವರಿಗೆ ದುಡ್ಡು ವಾಪಸ್ ಇಲ್ಲವಂತೆ. "ಹಡಗಿನ ಸಮಯ ಬದಲಾಗಲ್ಲ ಅಂತ ನಿನ್ನೆ ರಾತ್ರಿ ಕೋಣೆಗೆ ಕೊಟ್ಟ ಹಾಳೆಯಲ್ಲಿ ಬರೆದಿತ್ತಲ್ಲ ಮೇಡಂ" ಅಂದಳು. ಬರೆದಿತ್ತು, ನಿಜ. ಆಮೇಲೆ ಮಗ ಹುಡುಕಿ ತೋರಿಸಿದ. ಸ್ಪಾದಲ್ಲಿ ರಿಯಾಯಿತಿ ಅನ್ನುವುದಕ್ಕೂ ಬಿಂಗೋ ಆಟ ಎಷ್ಟಕ್ಕೆ ಅನ್ನುವುದಕ್ಕೂ ನಡುವೆ ಒಂದು ಸಾಲು, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಬಿಂಗೋ ಮಾತ್ರ ಹೆಬ್ಬೆರಳಿನಷ್ಟು ದೊಡ್ಡದು, ಬಣ್ಣದಲ್ಲಿ.

ಬೆಳಿಗ್ಗೆ ಎಬ್ಬಿಸುವ ಕರೆಗೆ ಹೇಳಿಡಬಹುದಿತ್ತು ಅಂತಲೂ ಅಂದಳು. ಹೌದು, ಹೇಳಿಡಬಹುದಿತ್ತು. ಅದು ನಮ್ಮ ತಪ್ಪೇ, ಒಪ್ಪುತ್ತೇನೆ. ಎರಡು ಫೋನಿದ್ದಾಗ ಅದಕ್ಕೇನು ಅವಸರ ಅಂತ ಬಿಟ್ಟಿದ್ದೆವು.

ಆದರೆ ನನ್ನ ಪ್ರಶ್ನೆ ಒಂದೇ. ಅಷ್ಟು ದೊಡ್ಡ ಹಡಗು. ಹತ್ತಾರು ಮಹಡಿ, ಈಜುಕೊಳ, ಕ್ಯಾಸಿನೋ, ಟವೆಲ್ ಮಡಚಿ ಆನೆ ಮಾಡಿಡುವ ಜನ. ಕೋಣೆಯಲ್ಲಿ ಒಂದು ಗಡಿಯಾರ ಇಲ್ಲ! ಟಿವಿ ಹಾಕಿ, ನಾಲ್ಕು ಸಲ ಬಟನ್ ಒತ್ತಿದರೆ ಮೂಲೆಯಲ್ಲೆಲ್ಲೋ ಸಮಯ ಕಾಣುತ್ತದೆ. ಲಿಫ್ಟಿನ ನೆಲಕ್ಕೆ ಮಾತ್ರ ದಿನಕ್ಕೊಂದು ಕಾರ್ಪೆಟ್, ಅದರ ಮೇಲೆ ಇವತ್ತು ಮಂಗಳವಾರ, ಇವತ್ತು ಬುಧವಾರ ಅಂತ ಬರೆದಿರುತ್ತಾರೆ. ರಾತ್ರೋರಾತ್ರಿ ಬದಲಾಯಿಸುತ್ತಾರೆ. ವಾರ ಹೇಳೋಕೆ ಕಾರ್ಪೆಟ್ ಹಾಸುವವರಿಗೆ ಗಂಟೆ ಹೇಳೋಕೆ ಏನು ಕಷ್ಟ? ಕೋಣೆಯ ಗೋಡೆ ಕಬ್ಬಿಣದ್ದು, ಆಯಸ್ಕಾಂತ ಅಂಟುತ್ತದೆ. ಇನ್ನೂರು ರೂಪಾಯಿಯ ಗಡಿಯಾರಕ್ಕೆ ಒಂದು ಆಯಸ್ಕಾಂತ ಅಂಟಿಸಿದರೆ ಮುಗಿಯಿತು.

ಇನ್ನೊಂದು ಸಿಟ್ಟು ಈ ದೇಶಗಳ ಮೇಲೆ. ಪೆನಾಂಗ್ ಇರುವುದು ಸುಮಾರು 100 ಡಿಗ್ರಿ ರೇಖಾಂಶದಲ್ಲಿ, ಫುಕೆಟ್ 98ರ ಹತ್ತಿರ. ಒಂದು ಡಿಗ್ರಿಗೆ ಸೂರ್ಯ 4 ನಿಮಿಷ ತೆಗೆದುಕೊಳ್ಳುತ್ತಾನೆ ಅಂತ ಶಾಲೆಯಲ್ಲಿ ಓದಿದ್ದೇವಲ್ಲ. ಅಂದರೆ ಸೂರ್ಯನ ಲೆಕ್ಕದಲ್ಲಿ ಎರಡಕ್ಕೂ ಎಂಟೇ ನಿಮಿಷದ ವ್ಯತ್ಯಾಸ. ಗಡಿಯಾರದಲ್ಲಿ ಒಂದು ಗಂಟೆ! ಮಗ ಕೂತು ಓದಿ ಹೇಳಿದ. ಮೊದಲು ಸಿಂಗಪುರ ಮತ್ತು ಮಲಯ ಪರ್ಯಾಯ ದ್ವೀಪದ ಸಮಯ ಗ್ರೀನಿಚ್‌ಗಿಂತ ಏಳೂವರೆ ಗಂಟೆ ಮುಂದೆ ಇತ್ತಂತೆ. ಸಮುದ್ರದಾಚೆ ಇರುವ ಮಲೇಷ್ಯಾದ ರಾಜ್ಯಗಳಾದ ಸಬಾ, ಸರವಾಕ್‌ನಲ್ಲಿ ಎಂಟು. ದೇಶಕ್ಕೆಲ್ಲ ಒಂದೇ ಸಮಯ ಇರಲಿ ಅಂತ 1982ರ ಜನವರಿ 1ಕ್ಕೆ ಮಲೇಷ್ಯಾ ಅರ್ಧ ಗಂಟೆ ಮುಂದೆ ತಿರುಗಿಸಿಕೊಂಡಿತು. ಸಿಂಗಪುರವೂ ಜೊತೆಗೆ ತಿರುಗಿಸಿಕೊಂಡಿತು. ಅದಕ್ಕೇ ಸಿಂಗಪುರದಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು 7 ಗಂಟೆಯ ಆಸುಪಾಸಿನಲ್ಲಿ. ಥಾಯ್ಲೆಂಡ್ 1920ರಿಂದ ತನ್ನ ಏಳು ಗಂಟೆಯನ್ನೇ ಇಟ್ಟುಕೊಂಡು ಕೂತಿದೆ. ಅವರವರ ಲೆಕ್ಕ ಅವರವರಿಗೆ ಸರಿ. ನಡುವೆ ಸಿಕ್ಕಿ ಹಾಕಿಕೊಂಡವರು ನಾವು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಇದನ್ನು ನೆನೆಸಿಕೊಂಡರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲ್ಲ.

ನಮ್ಮತ್ತೆಯ ಕೈಯಲ್ಲಿ ಹಳೇ ಎಚ್‌ಎಂಟಿ ವಾಚಿದೆ. ಕೀಲಿ ಕೊಡುವಂಥದ್ದು, ದಿನಾ ಬೆಳಿಗ್ಗೆ ಎದ್ದ ಕೂಡಲೇ ಕೊಡುತ್ತಾರೆ. ಸಿಂಗಪುರದಲ್ಲಿ ಇಳಿದಾಗ ಎಲ್ಲರೂ ಸಮಯ ಬದಲಾಯಿಸಿಕೊಂಡೆವು. ಅವರು ಒಪ್ಪಲಿಲ್ಲ. "ಊರಲ್ಲಿ ಈಗೆಷ್ಟು ಗಂಟೆ ಅಂತ ನನಗೆ ಗೊತ್ತಾಗಬೇಡ್ವಾ?" ಅಂದರು. ಬಿಟ್ಟೆವು.

ಅವತ್ತು ರಾತ್ರಿ, ಅಂದರೆ ಟೂರ್ ಹಾಳಾದ ದಿನದ ರಾತ್ರಿ, ಅತ್ತೆ ಮೆಲ್ಲಗೆ ಬಾಯಿ ಬಿಟ್ಟರು. "ಬೆಳಿಗ್ಗೆ ನನಗೆ ಎಚ್ಚರ ಆಗಿತ್ತು ಕಣೋ."

"ಎಷ್ಟು ಹೊತ್ತಿಗೆ?" ಅಂದರು ನಮ್ಮನೆಯವರು.

"ದಿನಾ ಏಳೋ ಹೊತ್ತಿಗೇ. ಬಚ್ಚಲ ದೀಪದಲ್ಲಿ ವಾಚು ನೋಡ್ಕೊಂಡೆ. ನಾಲ್ಕೂವರೆ. ಕತ್ತಲು ಬೇರೆ. ನೀವೆಲ್ಲ ಒಳ್ಳೇ ನಿದ್ದೇಲಿದ್ರಿ. ಸುಮ್ನೆ ಯಾಕೆ ಎಬ್ಬಿಸೋದು ಅಂತ ವಿಷ್ಣು ಸಹಸ್ರನಾಮ ಹೇಳ್ಕೊಂಡು ಮಲಗಿದ್ದೆ."

ನಮ್ಮ ನಾಲ್ಕೂವರೆ ಅಂದರೆ ಹಡಗಿನ ಏಳು. ಸರಿಯಾಗಿ ಏಳು! ಟೂರಿಗೆ ಇನ್ನೂ ಅರ್ಧ ಗಂಟೆ ಇತ್ತು. ಆಗ ಎಬ್ಬಿಸಿದ್ದರೆ ಮುಖ ತೊಳೆದುಕೊಂಡು ಓಡಿದ್ದರೂ ದೋಣಿ ಸಿಗುತ್ತಿತ್ತು. ಸಾವಿರ ನಾಮ ಹೇಳುವಷ್ಟು ಹೊತ್ತು ಆ ಕತ್ತಲಲ್ಲಿ ಅವರೊಬ್ಬರೇ ಎಚ್ಚರವಾಗಿದ್ದರು. ಒಂದು ಕೋಣೆ, ಮೂರು ಸಮಯ. ಫೋನಿನಲ್ಲಿ ಆರು, ಅತ್ತೆಯ ಕೈಯಲ್ಲಿ ನಾಲ್ಕೂವರೆ, ಬಾಗಿಲ ಆಚೆ ಏಳು. ಅರವತ್ತು ಸಾವಿರದ ಫೋನು ಹೇಳದೇಕೇಳದೇ ಸಮಯ ಬದಲಾಯಿಸಿ ಕೈಕೊಟ್ಟಿತು. ಬೆಂಗಳೂರಿನ ಹಳೇ ವಾಚು ಮಾತ್ರ ತನ್ನ ಮಾತಿಗೆ ನಿಂತಿತ್ತು. ಎರಡೂವರೆ ಕೂಡಿಸುವವರು ಯಾರೂ ಎದ್ದಿರಲಿಲ್ಲ, ಅಷ್ಟೇ.

ಫುಕೆಟ್‌ನಲ್ಲಿ ಏನು ಮಾಡಿದಿರಿ ಅಂತೀರಾ? ಪಟಾಂಗ್ ಬೀಚಿಗೆ ಹೋಗಿ ಎಳನೀರು ಕುಡಿದು ಬಂದೆವು. ಮರಳಿ ಹಡಗಿಗೆ ಬರುವ ಸಮಯ ಎಲ್ಲಿ ತಪ್ಪುತ್ತದೋ ಅಂತ ಹೆದರಿ ಮೂರು ಗಂಟೆ ಮೊದಲೇ ವಾಪಸ್.

ಅದಾದ ಮೇಲೆ ನಮ್ಮನೆಯವರು ಮಾರನೇ ದಿನಕ್ಕೆ ಎಬ್ಬಿಸುವ ಕರೆ ಹೇಳಿಟ್ಟರು. ಮಾರನೇ ದಿನ ಇಡೀ ಹಗಲು ಸಮುದ್ರದ ಮೇಲೇ, ಏಳುವ ಅಗತ್ಯವೇ ಇರಲಿಲ್ಲ. "ಕೆಲಸ ಮಾಡುತ್ತಾ ಅಂತ ಪರೀಕ್ಷೆ ಮಾಡೋಣ" ಅಂದರು. ಬೆಳಿಗ್ಗೆ 6ಕ್ಕೆ ಫೋನು ಕಿರುಚಿತು. ಇವರು ಎತ್ತಿ, ಆ ಕಡೆಯ ಯಂತ್ರಕ್ಕೆ "ಥ್ಯಾಂಕ್ ಯೂ ವೆರಿ ಮಚ್" ಅಂತ ಹೇಳಿ, ಹೊದ್ದುಕೊಂಡು ಮಲಗಿದರು. ಒಂಬತ್ತೂವರೆಗೆ ಎದ್ದೆವು.

ಆಮೇಲೆ ಒಂದು ಉಪಾಯ ಸಿಕ್ಕಿತು, ಒಳಗಿನ ಕೋಣೆ ತಗೊಳ್ಳುವವರು ಕೇಳಿ. ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ತೋರಿಸುವ ಚಾನೆಲ್ ಇರುತ್ತದೆ. ಸದ್ದು ನಿಲ್ಲಿಸಿ ಅದನ್ನು ಹಾಕಿಟ್ಟು ಮಲಗಿ. ರಾತ್ರಿ ಪರದೆ ಕಪ್ಪಗಿರುತ್ತದೆ. ಬೆಳಗಾಗುತ್ತಿದ್ದಂತೆ ಸಮುದ್ರ ನೀಲಿಯಾಗಿ ಕೋಣೆಗೆ ಬೆಳಕು ಬರುತ್ತದೆ. ಮಗ ಕಂಡುಹಿಡಿದಿದ್ದು. ಕೊನೆಯ ದಿನ ಕಂಡುಹಿಡಿದ, ಅದು ಬೇರೆ ಮಾತು.

ಕೊನೆಯ ರಾತ್ರಿ ಶಿವರಾತ್ರಿ. ಬೆಳಿಗ್ಗೆ ಬೇಗ ಕೋಣೆ ಬಿಡಬೇಕು, ಮಧ್ಯಾಹ್ನ ಬೆಂಗಳೂರಿಗೆ ವಿಮಾನ. ಯಾರಿಗೂ ಯಾವ ಗಡಿಯಾರದ ಮೇಲೂ ನಂಬಿಕೆ ಉಳಿದಿರಲಿಲ್ಲ. ಸರದಿ ಮೇಲೆ ಜಾಗರಣೆ ಮಾಡಿದೆವು. ಎರಡರಿಂದ ನಾಲ್ಕು ನನ್ನ ಸರದಿ. ಕತ್ತಲಲ್ಲಿ ಕೂತು ಟಿವಿಯ ಕಪ್ಪು ಪರದೆ ನೋಡುತ್ತಿದ್ದೆ. ದುಡ್ಡು ಕೊಟ್ಟು ಹೋದ ರಜೆ ಅದು, ನೆನಪಿರಲಿ.

ಈಗ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಅತ್ತೆ ಹೇಳುತ್ತಾರೆ, "ಇವರೆಲ್ಲ ಮಲಗಿದ್ರು ಕಣ್ರೀ, ನಾನೊಬ್ಬಳೇ ಎದ್ದಿದ್ದೆ." ಸುಳ್ಳು ಅನ್ನುವ ಹಾಗಿಲ್ಲ. ನಿನ್ನೆ ಆ ಕಂಪನಿಯಿಂದ ಮೇಲ್ ಬಂದಿದೆ, ಮುಂದಿನ ಪ್ರವಾಸಕ್ಕೆ ರಿಯಾಯಿತಿ ಅಂತ. ನಮ್ಮನೆಯವರು ಬಾಲ್ಕನಿ ಇರುವ ಕೋಣೆಗೆ ಎಷ್ಟಾಗುತ್ತೆ ಅಂತ ನೋಡುತ್ತಾ ಕೂತಿದ್ದಾರೆ. ಅತ್ತೆ ಬರುತ್ತಾರಂತೆ. ವಾಚು ಮಾತ್ರ ತಿರುಗಿಸಲ್ಲವಂತೆ.