ಮಂಡಿಯೂರಿದ ಮಕ್ಕಳಿಗೆ ಮೋಸ ಮಾಡಿ ಗೆಲ್ಲಬೇಕಾ?

ಈಗಷ್ಟೇ ಮೈದಾನದಿಂದ ಮನೆಗೆ ಬಂದೆ. ಶೂ ಕೂಡ ಬಿಚ್ಚಿಲ್ಲ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ನಾಳೆ ಬೆಳಿಗ್ಗೆ ಆದರೆ "ಹೋಗ್ಲಿ ಬಿಡು" ಅನ್ನಿಸಿಬಿಡುತ್ತೆ. ಇದು ಹೋಗ್ಲಿ ಬಿಡು ಅನ್ನುವ ವಿಷಯ ಅಲ್ಲ.

ನಿಮಗೆಲ್ಲ ಗೊತ್ತೇ ಇದೆ, ಚಿಕ್ಕವನು ಎರಡು ವರ್ಷದಿಂದ ಇಲ್ಲಿನ ಮಕ್ಕಳ ಲೀಗಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದಾನೆ. ಕ್ರಿಕೆಟ್ಟಿಗೆ ಹಾಕು, ಕ್ರಿಕೆಟ್ಟಿಗೆ ಹಾಕು ಅಂತ ಶಿವಮೊಗ್ಗದಿಂದ ಅಪ್ಪ ಹೇಳಿ ಹೇಳಿ ಸುಸ್ತಾದರು. ಅವನು ಕೇಳಲಿಲ್ಲ. ಅವನ ಜೊತೆ ನಾನೂ ಈ ಆಟ ಕಲಿತೆ, ಕಲಿತ ಮೇಲೆ ಬಿಡಲಾಗಲಿಲ್ಲ. ಈಗ ನಾರ್ತ್ ಕ್ಯಾರೊಲಿನಾದಲ್ಲಿ ಶನಿವಾರ ಬೆಳಿಗ್ಗೆ ಅಂದರೆ ನನಗೆ ಒದ್ದೆ ಹುಲ್ಲು, ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ.

ಇವತ್ತು ಪ್ರಾಕ್ಟೀಸ್ ಮುಗಿದ ಮೇಲೆ ಮಕ್ಕಳಿಗೆ ಪಿಜ್ಜಾ ತರಿಸಿದ್ದೆವು. ನಮ್ಮ ಟೀಮಿನ ಒಬ್ಬ ಹುಡುಗನ ಅಪ್ಪ, ಕೋಚ್‌ಗೆ ಸಹಾಯ ಮಾಡುವವರು, ಖಾಲಿ ಡಬ್ಬದ ಮುಚ್ಚಳ ಹರಿದು ಅದರ ಮೇಲೆ ಮಾರ್ಕರ್‌ನಿಂದ ಆಟಗಾರರು ಎಲ್ಲೆಲ್ಲಿ ಅಂತ ತೋರಿಸುವ ಸೊನ್ನೆ, ಗುಣಿಸು ಚಿಹ್ನೆ ಹಾಕತೊಡಗಿದರು. ಶನಿವಾರದ ಮ್ಯಾಚಿಗೆ ಒಂದು ಹೊಸ ಟ್ರಿಕ್ ಪ್ಲೇ, ಅಂದರೆ ಎದುರಾಳಿಯನ್ನು ಏಮಾರಿಸುವ ತಂತ್ರ, ಯೋಚನೆ ಮಾಡಿದ್ದೀನಿ ಅಂದರು. ಮಕ್ಕಳೆಲ್ಲ ಬಗ್ಗಿ ನೋಡಿದರು. ನಾನೂ ನೋಡಿದೆ, ಟ್ರಿಕ್ ಪ್ಲೇ ಅಂದರೆ ನನಗೂ ಇಷ್ಟ.

ಊರಿನಲ್ಲಿರುವವರಿಗೆ ಮೊದಲು ಒಂದು ವಿಷಯ ಹೇಳಬೇಕು. ಇಲ್ಲಿ ಮಕ್ಕಳ ಆಟದಲ್ಲಿ ಒಬ್ಬ ಹುಡುಗ ಪೆಟ್ಟಾಗಿ ಬಿದ್ದರೆ, ಉಳಿದ ಮಕ್ಕಳೆಲ್ಲ ಇದ್ದ ಜಾಗದಲ್ಲೇ ಒಂದು ಮಂಡಿ ಊರಿ ಕೂರುತ್ತಾರೆ. ಎರಡೂ ಟೀಮಿನವರು. ಬಿದ್ದವನು ಎದ್ದು ನಡೆದಾಗ ಎರಡೂ ಕಡೆಯ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟುತ್ತಾರೆ. ಆರು ವರ್ಷದ ಮಕ್ಕಳಿಗೂ ಮೊದಲ ವಾರದಲ್ಲೇ ಇದನ್ನು ಹೇಳಿಕೊಡುತ್ತಾರೆ.

ಈಗ ಆ ಮಹಾಶಯರ ಪ್ಲೇ ಕೇಳಿ. ನಮ್ಮವರು ಆಟಕ್ಕೆ ಸಾಲಾಗಿ ನಿಲ್ಲುವಾಗ ಸಾಲಿನ ಒಂದು ತುದಿಯ ಹುಡುಗ ಭುಜ ಹಿಡಿದುಕೊಂಡು ಕುಸಿದು ಕೂರಬೇಕು. ನಮ್ಮ ಕಡೆಯಿಂದ ಯಾರಾದರೂ "ಮಂಡಿ ಊರಿ" ಅಂತ ಕೂಗಬೇಕು. ಅವನ ಪಕ್ಕದ ಒಂದಿಬ್ಬರು ಮಂಡಿ ಊರಬೇಕು. ಎದುರಿನ ಮಕ್ಕಳು ಅಭ್ಯಾಸಬಲದಿಂದ ತಾವೂ ಮಂಡಿ ಊರುತ್ತಾರೆ. ಸೆಂಟರ್, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವ ನಮ್ಮ ಹುಡುಗ, ಮಾತ್ರ ಚೆಂಡಿನ ಮೇಲೆ ಬಗ್ಗಿಕೊಂಡೇ ಇರುತ್ತಾನೆ. ನಮ್ಮ ಹನ್ನೊಂದು ಜನ ಒಂದು ಸೆಕೆಂಡ್ ಅಲುಗಾಡದೆ ಇದ್ದರೆ ಸಾಕು, ರೆಫರಿ ವಿಸಿಲ್ ಊದುವುದರೊಳಗೆ ಚೆಂಡು ಕ್ವಾರ್ಟರ್‌ಬ್ಯಾಕ್ (ಆಟ ನಡೆಸುವ, ಚೆಂಡು ಎಸೆಯುವ ಹುಡುಗ) ಕೈಗೆ, ಅವನು ಒಂದೇ ಓಟ, ಎದುರಿನವರ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಪಾಯಿಂಟ್.

ಮಂಡಿ ಊರಿದ ಮಕ್ಕಳ ಮಧ್ಯದಿಂದ ಓಡಬೇಕಂತೆ! ಹನ್ನೆರಡು ವರ್ಷದ ಮಕ್ಕಳು ಇನ್ನೊಬ್ಬನಿಗೆ ನೋವಾಯಿತು ಅಂತ ಆಟ ನಿಲ್ಲಿಸಿ ಕೂತಿರುವಾಗ.

ಇದು ನಿಯಮಕ್ಕೇ ವಿರುದ್ಧ ಅಂತ ಹೇಳಿದೆ. ಇಲ್ಲಿನ ಹೈಸ್ಕೂಲ್ ನಿಯಮದಲ್ಲಿ ಸ್ಪಷ್ಟವಾಗಿದೆ: ಏನೋ ಎಡವಟ್ಟಾಗಿದೆ, ಚೆಂಡು ಈಗ ಆಟಕ್ಕೆ ಬರಲ್ಲ ಅಂತ ಎದುರಾಳಿ ನಂಬುವ ಹಾಗೆ ಮಾತಾಡುವುದು, ನಟಿಸುವುದು ತಪ್ಪು. ಕಿಕ್ ಹೊಡೆಯುವ ಹುಡುಗ "ಟೀ (ಚೆಂಡು ನಿಲ್ಲಿಸುವ ಸಣ್ಣ ಸ್ಟ್ಯಾಂಡು) ಎಲ್ಲಿ?" ಅಂತ ಕೇಳಿ, ಅದನ್ನು ತರುವ ನೆಪದಲ್ಲಿ ಇನ್ನೊಬ್ಬ ಓಡಿ, ಅವನಿಗೇ ಚೆಂಡು ಎಸೆಯುವ ಹಳೆಯ ಆಟವನ್ನು ಅದೇ ಕಾರಣಕ್ಕೆ ತಪ್ಪು ಅಂದಿದ್ದಾರೆ. ಆ ಮಹಾಶಯರು ಕೇಳಲಿಲ್ಲ. ಫೋನ್ ತೆಗೆದು 2010ರ ಟೆಕ್ಸಾಸ್ ವಿಡಿಯೋ ತೋರಿಸಿದರು. ಕಾರ್ಪಸ್ ಕ್ರಿಸ್ಟಿಯ ಮಿಡ್ಲ್ ಸ್ಕೂಲ್ ಆಟ, ನೀವೂ ನೋಡಿರಬಹುದು. ಕೋಚ್ ಹೊರಗಿನಿಂದ ಐದು ಗಜ ಪೆನಾಲ್ಟಿ ಇದೆ ಅಂತ ಕೂಗುತ್ತಾರೆ, ಸೆಂಟರ್ ಚೆಂಡನ್ನು ಸುಮ್ನೆ ಭುಜದ ಮೇಲಿನಿಂದ ಕೊಡುತ್ತಾನೆ, ಕ್ವಾರ್ಟರ್‌ಬ್ಯಾಕ್ ಹುಡುಗ ಪೆನಾಲ್ಟಿ ಗಜ ಅಳೆಯುವವನಂತೆ ನಿಧಾನಕ್ಕೆ ನಡೆದು, ಆಮೇಲೆ ಓಡಿಬಿಡುತ್ತಾನೆ. ಲಕ್ಷಗಟ್ಟಲೆ ಜನ ನೋಡಿ ನಕ್ಕ ವಿಡಿಯೋ. ನನಗೆ ಅದರಲ್ಲಿ ಯಾವತ್ತೂ ನಗು ಬಂದಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟ ಆ ಎದುರು ಟೀಮಿನ ಮಕ್ಕಳ ಮುಖ ನೋಡಿ. ದೊಡ್ಡವರ ಮಾತು ನಂಬಿದ್ದೇ ಅವರ ತಪ್ಪಾ?

"ಈ ಆಟವೇ ಮೋಸದ್ದು ಅಲ್ವಾ" ಅಂದರು. ಎದುರಾಳಿಯನ್ನು ಏಮಾರಿಸದೆ ಯಾರು ಗೆದ್ದಿದ್ದಾರೆ ಅಂತ. ಈ ಮಾತು ನೀವೂ ಕಾಮೆಂಟಿನಲ್ಲಿ ಹಾಕುತ್ತೀರಿ, ಗೊತ್ತು. ಅದಕ್ಕೇ ಇಲ್ಲೇ ಉತ್ತರ ಹೇಳಿಬಿಡುತ್ತೇನೆ.

2018ರ ಸೂಪರ್ ಬೌಲ್, ಅಂದರೆ ಇಲ್ಲಿನ ವೃತ್ತಿಪರ ಲೀಗಿನ ಫೈನಲ್. ಫಿಲಡೆಲ್ಫಿಯಾದವರಿಗೆ ನಾಲ್ಕನೇ ಡೌನ್, ಅಂದರೆ ಕೊನೆಯ ಪ್ರಯತ್ನ, ಒಂದು ಗಜ ಬಾಕಿ. ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ಏನೋ ಹೇಳಲು ಹೋಗುವವನಂತೆ ಸಾಲಿನ ಹತ್ತಿರ ನಡೆದು ನಿಂತ. ಚೆಂಡು ನೇರ ಕೋರಿ ಕ್ಲೆಮೆಂಟ್‌ಗೆ, ಅಲ್ಲಿಂದ ಟ್ರೇ ಬರ್ಟನ್‌ಗೆ, ಅವನು ಎಸೆದದ್ದು ಫೋಲ್ಸ್‌ಗೇ. ಯಾವಾಗಲೂ ಚೆಂಡು ಎಸೆಯುವವನು ಹಿಡಿಯುವವನಾದ. 41-33ರಲ್ಲಿ ಗೆದ್ದರು. ಅದನ್ನು ನೋಡಿ ನಾನು ಸೋಫಾ ಮೇಲೆ ಹತ್ತಿ ಕೂಗಿದ್ದೆ, ಎಷ್ಟು ಸಲ ನೋಡಿದರೂ ಸಾಕಾಗಲ್ಲ. ನಮ್ಮ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ತೆಗೆದರಲ್ಲ, ಆ ಗೂಗ್ಲಿ ಕೂಡ ಏಮಾರಿಸುವುದೇ. ಆದರೆ ಬ್ಯಾಟ್ಸ್‌ಮನ್ ಕಣ್ಣು ಬಿಟ್ಟುಕೊಂಡು ಆಡುತ್ತಲೇ ಇರುತ್ತಾನೆ. ಕೈ ಓದಬಹುದು, ಚೆಂಡು ಪಿಚ್‌ಗೆ ಬಿದ್ದ ಮೇಲೆ ನೋಡಬಹುದು. ಓದಲಾಗದಿದ್ದರೆ ಔಟ್. ಅದು ಆಟ. "ಸ್ವಲ್ಪ ಇರಪ್ಪ, ಫೀಲ್ಡರ್‌ಗೆ ಪೆಟ್ಟಾಗಿದೆ" ಅಂತ ಹೇಳಿ, ಅವನು ಬ್ಯಾಟ್ ಕೆಳಗಿಟ್ಟಾಗ ಬಾಲ್ ಹಾಕಿದ ಹಾಗಿದೆ ಇವರ ಪ್ಲಾನ್.

ಇನ್ನೂ ಹತ್ತಿರದ ಉದಾಹರಣೆ ನಾವಿರುವ ನಾರ್ತ್ ಕ್ಯಾರೊಲಿನಾದಲ್ಲೇ ಆಗಿದೆ. 2021ರ ಡಿಸೆಂಬರ್, ಶಾರ್ಲೆಟ್‌ನಲ್ಲಿ ಪಿಟ್ ಮತ್ತು ವೇಕ್ ಫಾರೆಸ್ಟ್ ಯೂನಿವರ್ಸಿಟಿ ಟೀಮುಗಳ ನಡುವೆ ಎಸಿಸಿ ಎಂಬ ಕಾಲೇಜು ಲೀಗಿನ ಫೈನಲ್. ಪಿಟ್‌ನ ಕ್ವಾರ್ಟರ್‌ಬ್ಯಾಕ್ ಕೆನ್ನಿ ಪಿಕೆಟ್ ಚೆಂಡು ಹಿಡಿದು ಓಡುತ್ತಾ ಓಡುತ್ತಾ ಕಾಲು ಮುಂದೆ ಚಾಚಿ ಜಾರುವವನಂತೆ ಬಗ್ಗಿದ. ಕ್ವಾರ್ಟರ್‌ಬ್ಯಾಕ್ ಹಾಗೆ ಜಾರಿದರೆ ಅವನನ್ನು ಹೊಡೆಯಬಾರದು, ಅವನ ತಲೆ ಕುತ್ತಿಗೆ ಉಳಿಯಲಿ ಅಂತಲೇ ಮಾಡಿದ ನಿಯಮ. ಎದುರಿನವರು ತಡೆದು ನಿಂತರು. ಇವನು ಜಾರಲೇ ಇಲ್ಲ, ಎದ್ದು ಓಡಿದ. 58 ಗಜದ ಟಚ್‌ಡೌನ್. ಕೆಲವೇ ದಿನದಲ್ಲಿ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಅದನ್ನು ನಿಲ್ಲಿಸಿತು: ಜಾರುವ ನಟನೆ ಮಾಡಿದರೆ ಆಟ ಅಲ್ಲಿಗೇ ಮುಗಿಯಿತು. ಯಾಕೆ ಅಷ್ಟು ಅವಸರ? ಇನ್ನೊಂದು ಸಲ ಆದರೆ ಡಿಫೆನ್ಸ್‌ನವನು ನಂಬುವುದಿಲ್ಲ. ನಿಜವಾಗಿ ಜಾರಿದವನಿಗೂ ಹೊಡೆಯುತ್ತಾನೆ. ಮೂಳೆ ಮುರಿಯುವುದು ಆ ಎರಡನೆಯವನದು.

ಇದನ್ನೇ ನಾನು ಪಿಜ್ಜಾ ಮೇಜಿನ ಹತ್ತಿರ ಮೂರು ಸಲ ಹೇಳಿದೆ. ನಾಲ್ಕನೇ ಸಲ ಇಲ್ಲಿ ಹೇಳುತ್ತಿದ್ದೇನೆ. ಒಂದು ಸಲ ಮಂಡಿ ಊರಿದ್ದಕ್ಕೆ ಆರು ಪಾಯಿಂಟ್ ಕಳೆದುಕೊಂಡ ಹುಡುಗ ಮುಂದಿನ ಶನಿವಾರ ಮಂಡಿ ಊರುತ್ತಾನಾ? ನಿಂತೇ ಇರುತ್ತಾನೆ. ಕೆಳಗೆ ಬಿದ್ದವನು ಅಳುತ್ತಿದ್ದಾನೋ ನಟಿಸುತ್ತಿದ್ದಾನೋ ಅಂತ ಅನುಮಾನದಿಂದ ನೋಡುತ್ತಾ ನಿಂತಿರುತ್ತಾನೆ.

ಹೋದ ವರ್ಷ ಬಿದ್ದವನು ನನ್ನ ಮಗ. ಆಗ ಇಲ್ಲಿ ಎರಡು ಸಾಲು ಮಾತ್ರ ಬರೆದಿದ್ದೆ, ಪೂರ್ತಿ ಹೇಳಿರಲಿಲ್ಲ. ಕಾಲರ್ ಬೋನ್ ಮುರಿದಿತ್ತು. 30 ಗಜದ ಗೆರೆಯ ಮೇಲೆ ಅಂಗಾತ ಬಿದ್ದಿದ್ದ. ಕೋಚ್ ಕೈ ತೋರಿಸಿ ನನ್ನನ್ನು ಅಲ್ಲೇ ನಿಲ್ಲಿಸಿದರು. ಗೆರೆಯ ಈಚೆ ನಿಂತು ಏನು ಮಾಡಬೇಕೋ ಗೊತ್ತಾಗದೆ ಅಕ್ಕಪಕ್ಕ ನೋಡಿದೆ. ಇಡೀ ಮೈದಾನ ಸದ್ದಿಲ್ಲದೆ ಕೂತಿತ್ತು. ಅವನನ್ನು ಕೆಡವಿದ ಹುಡುಗ ಎಲ್ಲರಿಗಿಂತ ಹತ್ತಿರದಲ್ಲಿದ್ದ. ಒಂದು ಮಂಡಿ ಊರಿ, ಹೆಲ್ಮೆಟ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬಾಯಿಗೆ ಹಾಕುವ ಗಾರ್ಡ್ ಹೆಲ್ಮೆಟ್ಟಿನ ಕಂಬಿಗೆ ನೇತಾಡುತ್ತಿತ್ತು. ಹುಲ್ಲು ಒಂದೊಂದೇ ಎಸಳು ಕೀಳುತ್ತಿದ್ದ, ತಲೆ ಎತ್ತುತ್ತಿರಲಿಲ್ಲ. ನನ್ನ ಮಗ ಎದ್ದು ಕೂತಾಗ ಮೊದಲು ಚಪ್ಪಾಳೆ ತಟ್ಟಿದ್ದು ಅವನು. ಆ ಹುಡುಗನ ಹೆಸರೂ ನನಗೆ ಗೊತ್ತಿಲ್ಲ. ಅವನ ಕೈ ಮಾತ್ರ ಈಗಲೂ ಕಣ್ಣ ಮುಂದಿದೆ.

ಈ ಶನಿವಾರದ ಮ್ಯಾಚ್ ಅದೇ ಟೀಮಿನ ಮೇಲೆ.

ಇಷ್ಟು ಸಿಟ್ಟು ಯಾಕೆ ಅಂತ ಈಗ ಹೇಳುತ್ತೇನೆ. ಮುಚ್ಚಳದ ಮೇಲೆ, ಕುಸಿದು ಕೂರುವ ಹುಡುಗನ ಸೊನ್ನೆಯ ಪಕ್ಕದಲ್ಲಿ ನನ್ನ ಮಗನ ಜರ್ಸಿ ನಂಬರ್ ಬರೆದಿದ್ದರು. ಯಾಕೆ ಇವನೇ ಅಂತ ಕೇಳಿದೆ. "ಹೋದ ವರ್ಷ ಇವನಿಗೆ ಪೆಟ್ಟಾಗಿದ್ದು ಅವರು ನೋಡಿದ್ದಾರೆ, ಇವನಾದರೆ ಬೇಗ ನಂಬುತ್ತಾರೆ" ಅಂದರು. ಮಗ ಪಕ್ಕದಲ್ಲೇ ನಿಂತಿದ್ದ. ಕೈಯಲ್ಲಿದ್ದ ಪಿಜ್ಜಾ ತುಂಡನ್ನು ತಟ್ಟೆಗೆ ವಾಪಸ್ ಇಟ್ಟ.

ಕಾರಿನಲ್ಲಿ ಅರ್ಧ ದಾರಿ ಮಾತೇ ಆಡಲಿಲ್ಲ. ಆಮೇಲೆ "ಅಮ್ಮ, ಯಾವ ಭುಜ ಹಿಡ್ಕೋಬೇಕು, ಮುರಿದಿದ್ದಾ, ಚೆನ್ನಾಗಿರೋದಾ?" ಅಂತ ಕೇಳಿದ. ದೊಡ್ಡವರು ಹೇಳಿದ್ದಾರೆ, ಮಾಡಲೇಬೇಕು ಅಂದುಕೊಂಡಿದ್ದಾನೆ ಮಗು. ಯಾವುದನ್ನೂ ಹಿಡ್ಕೋಬೇಡ ಅಂದೆ.

ಹೆಡ್ ಕೋಚ್ ಇವತ್ತು ಬೇಗ ಹೊರಟಿದ್ದರು, ಅವರಿಗೆ ಇದು ಗೊತ್ತಿಲ್ಲ. ಆ ರಟ್ಟಿನ ಮುಚ್ಚಳ ನಾನೇ ಎತ್ತಿಕೊಂಡು ಬಂದಿದ್ದೇನೆ. ಇಲ್ಲೇ ಮೇಜಿನ ಮೇಲಿದೆ, ಚೀಸ್ ಕಲೆ ಸಮೇತ. ಶನಿವಾರ ಮ್ಯಾಚಿಗೆ ಅರ್ಧ ಗಂಟೆ ಮುಂಚೆ ಹೋಗಿ ಅವರ ಕೈಗೆ ಕೊಡುತ್ತೇನೆ.